ಮಳೆಯಲ್ಲಿ ಕಾರು ಸ್ಪಿನ್ ಆಗಿದ್ದಕ್ಕೆ ಹಿಡಿದಿಟ್ಟ ನನ್ನ ಡೆಪಾಸಿಟ್ ವಾಪಸ್ ಕೊಡಿ

ಗೆ,
ವ್ಯವಸ್ಥಾಪಕರು,
ಟ್ರ್ಯಾಕ್ ಡ್ರೈವಿಂಗ್ ವಿಭಾಗ

ವಿಷಯ: ಒದ್ದೆ ಟ್ರ್ಯಾಕ್‌ನಲ್ಲಿ ನಡೆದ ಅಪಘಾತವನ್ನು ‘ಚಾಲಕರ ತಪ್ಪು’ ಎಂದು ಬರೆದು ಡೆಪಾಸಿಟ್ ಹಿಡಿದಿಟ್ಟ ಬಗ್ಗೆ ದೂರು

ಮಾನ್ಯರೇ,

ಕಳೆದ ಶನಿವಾರ ನಿಮ್ಮ ‘ಹೊಸಬರ ಪ್ಯಾಕೇಜ್’ ತೆಗೆದುಕೊಂಡು ಟ್ರ್ಯಾಕ್‌ಗೆ ಬಂದಿದ್ದೆ. ಸ್ಪೋರ್ಟ್ಸ್ ಕಾರನ್ನು ಹಿಂದೆಂದೂ ಓಡಿಸಿಲ್ಲ ಅಂತ ಬುಕಿಂಗ್ ಫಾರ್ಮ್‌ನಲ್ಲೇ ಬರೆದಿದ್ದೇನೆ. ಅವತ್ತು ಬೆಳಗ್ಗೆಯಿಂದ ಮಳೆ. ಬೇರೆ ದಿನ ಕೊಡ್ತೀರಾ ಅಂತ ಕೇಳಿದ್ದಕ್ಕೆ ಕೌಂಟರ್‌ನಲ್ಲಿದ್ದವರು, ಮಳೆ ಬಂದರೂ ಕಾರ್ಯಕ್ರಮ ನಡೆಯುತ್ತದೆ, ಬರದಿದ್ದರೆ ದುಡ್ಡು ಹೋಯಿತು ಅಂದರು. ಸರಿ ಅಂತ ಹೆಲ್ಮೆಟ್ ಹಾಕಿಕೊಂಡೆ.

ಉದ್ದನೆಯ ಬಲ ತಿರುವಿನ ನಡುವೆ ಕಾರಿನ ಹಿಂಭಾಗ ಜಾರಿತು. ಕಾರು ಗಿರ್ರನೆ ತಿರುಗಿ ಹುಲ್ಲಿಗೆ ಇಳಿದು, ಹಿಂದಿನ ಬಂಪರ್ ಟೈರ್ ಗೋಡೆಗೆ ಬಡಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬಂಪರ್ ಸೀಳಿದೆ, ನಿಜ. ಆದರೆ ಆ ಕಾರನ್ನು ಎಳೆದುಕೊಂಡು ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ) ತರುವ ಮುಂಚೆಯೇ ನಿಮ್ಮ ಸಿಬ್ಬಂದಿ ಡ್ಯಾಮೇಜ್ ಫಾರ್ಮ್‌ನಲ್ಲಿ ಕಾರಣದ ಜಾಗದಲ್ಲಿ ‘ಚಾಲಕರ ತಪ್ಪು’ ಅಂತ ತುಂಬಿ ಇಟ್ಟಿದ್ದರು. ಟೈರ್ ನೋಡಲಿಲ್ಲ, ವಿಡಿಯೊ ನೋಡಲಿಲ್ಲ, ನನ್ನನ್ನೂ ಕೇಳಲಿಲ್ಲ. ಅದೇ ಫಾರ್ಮ್ ತೋರಿಸಿ ಡೆಪಾಸಿಟ್ ಪೂರ್ತಿ ಹಿಡಿದುಕೊಂಡಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ.

ಮೊದಲು ಕಾರಿನ ಮೀಟರ್ ಬೋರ್ಡ್‌ನಲ್ಲಿ ಉರಿಯುತ್ತಿದ್ದ ಹಳದಿ ದೀಪದ ವಿಷಯಕ್ಕೆ ಬರುತ್ತೇನೆ. ನಾನು ಸೀಟಿನಲ್ಲಿ ಕೂತಾಗ ಎಂಜಿನ್ ಓಡುತ್ತಲೇ ಇತ್ತು. ನನಗಿಂತ ಮುಂಚೆ ಓಡಿಸಿದವರು ಅನುಭವಿಗಳ ಬ್ಯಾಚ್‌ನವರು. ಅವರು ಇಳಿದರು, ನಾನು ಹತ್ತಿದೆ, ಅಷ್ಟೇ. ಟೈಮ್ ಉಳಿಸೋಕೆ ಎಂಜಿನ್ ಆಫ್ ಮಾಡಲ್ಲ ಅಂತ ಪಿಟ್‌ನಲ್ಲಿದ್ದ ಹುಡುಗನೇ ಹೇಳಿದ. ಮೀಟರ್ ಬೋರ್ಡ್‌ನಲ್ಲಿ ಕಾರಿನ ಚಿತ್ರ, ಅದರ ಕೆಳಗೆ ಅಂಕುಡೊಂಕು ಗೆರೆ, ಜೊತೆಗೆ ‘ಆಫ್’ ಎಂಬ ಅಕ್ಷರ ಉರಿಯುತ್ತಿತ್ತು. ಇದೇನು ಅಂತ ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಅವರನ್ನು ಕೇಳಿದೆ. “ಅದು ಹಾಗೇ ಇರುತ್ತೆ ಮೇಡಂ, ತಲೆ ಕೆಡಿಸ್ಕೋಬೇಡಿ” ಅಂದರು.

ಹಾಗೇ ಇರುವ ದೀಪವಲ್ಲ ಅದು. ಸ್ಟೆಬಿಲಿಟಿ ಕಂಟ್ರೋಲ್ ಆಫ್ ಆಗಿದೆ ಅಂತ ಎಚ್ಚರಿಸುವ ದೀಪ. ನಾವು ಸ್ಟಿಯರಿಂಗ್ ತಿರುಗಿಸಿದ್ದು ಒಂದು ಕಡೆ, ಕಾರು ಹೋಗುತ್ತಿರುವುದು ಇನ್ನೊಂದು ಕಡೆ ಆದಾಗ, ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ, ಎಂಜಿನ್ ಶಕ್ತಿ ತಗ್ಗಿಸಿ ಕಾರನ್ನು ದಾರಿಗೆ ತರುವ ವ್ಯವಸ್ಥೆ ಇದು. 1995ರಲ್ಲಿ ಮರ್ಸಿಡಿಸ್-ಬೆಂಜ್ ಕಾರಿನಲ್ಲಿ ಬಂದದ್ದು ಈಗ ಸಾಧಾರಣ ಕಾರುಗಳಲ್ಲೂ ಇದೆ. ಸಾಮಾನ್ಯವಾಗಿ ಕಾರನ್ನು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಅದು ತಾನಾಗಿಯೇ ಆನ್ ಆಗುತ್ತದೆ. ನೀವು ಎಂಜಿನ್ ನಿಲ್ಲಿಸದೆ ಕಾರು ಕೈ ಬದಲಿಸಿದ್ದರಿಂದ, ಅನುಭವಿಗಳು ತಮಗೆ ಬೇಕಂತ ಆಫ್ ಮಾಡಿದ್ದು ನನ್ನ ಪಾಲಿಗೂ ಆಫ್ ಆಗಿಯೇ ಉಳಿಯಿತು. ಹೊಸಬರು, ಮಳೆ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರು. ಈ ಮೂರೂ ಸೇರಿದಾಗ ಅದೊಂದು ಇರಲೇಬೇಕಿತ್ತು ಅಲ್ವಾ? ನಾನು ಕೇಳಿಯೂ ಕೇಳಿದ್ದೆ.

ಇನ್ನು ತಿರುವಿನಲ್ಲಿ ಆದದ್ದು. ನಾನು ನಿಧಾನವಾಗಿಯೇ ಒಳಗೆ ಹೋಗಿದ್ದೆ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಒಂದೇ ಸಮ ಇತ್ತು. ತಿರುವಿನ ನಟ್ಟನಡುವೆ ಇನ್‌ಸ್ಟ್ರಕ್ಟರ್ ಇದ್ದಕ್ಕಿದ್ದಂತೆ “ಕಾಲು ತೆಗೀರಿ, ಕಾಲು ತೆಗೀರಿ!” ಅಂತ ಕೂಗಿದರು. ತೆಗೆದೆ. ಮರುಕ್ಷಣ ಕಾರು ತಿರುಗಿತು.

ತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ. ಹಿಂದಿನ ಚಕ್ರಗಳು ಹಗುರವಾಗುತ್ತವೆ. ಮೇಲಿಂದ ಎಂಜಿನ್ ಅದೇ ಚಕ್ರಗಳನ್ನು ಹಿಡಿದು ಎಳೆಯುತ್ತದೆ. ಒಣ ರಸ್ತೆಯಲ್ಲಾದರೆ ಹಿಡಿತ ಸ್ವಲ್ಪ ಉಳಿದಿರುತ್ತದೆ. ಒದ್ದೆಯಲ್ಲಿ ಅದೂ ಇಲ್ಲ, ಹಿಂಭಾಗ ಹೊರಕ್ಕೆ ಜಾರುತ್ತದೆ. ಇದಕ್ಕೆ ಲಿಫ್ಟ್-ಆಫ್ ಓವರ್‌ಸ್ಟಿಯರ್ ಅಂತ ಹೆಸರೇ ಇದೆ, ಟ್ರ್ಯಾಕ್‌ನಲ್ಲಿ ಕಲಿಸುವವರಿಗೆ ಗೊತ್ತಿರದ ವಿಷಯವಲ್ಲ. ಇನ್‌ಸ್ಟ್ರಕ್ಟರ್ ಹೇಳಿದ್ದನ್ನು ತಕ್ಷಣ ಪಾಲಿಸಬೇಕು ಅಂತ ನಿಮ್ಮ ನಿಯಮದಲ್ಲೇ ಬರೆದಿದೆ. ಪಾಲಿಸಿದ್ದನ್ನೇ ತಪ್ಪು ಅಂತ ಬರೆದರೆ ಹೇಗೆ? ಅವರು ಒಳ್ಳೆಯವರೇ, ನನಗೆ ಅವರ ಮೇಲೆ ಸಿಟ್ಟಿಲ್ಲ. ಒದ್ದೆ ಟ್ರ್ಯಾಕ್‌ನಲ್ಲಿ ಹೊಸಬರಿಗೆ ಹೇಗೆ ಹೇಳಬೇಕು ಅಂತ ನೀವು ಅವರಿಗೆ ಕಲಿಸಿದ ಹಾಗೆ ಕಾಣಲಿಲ್ಲ.

ಟ್ರಕ್ ಬಂದು ಕಾರು ಎಳೆಯುವವರೆಗೆ ನಾನು ಅಲ್ಲೇ ನಿಂತಿದ್ದೆ. ಸುಮ್ನೆ ನಿಲ್ಲೋ ಬದಲು ಹಿಂದಿನ ಟೈರ್‌ಗಳ ಫೋಟೊ ತೆಗೆದೆ. ಈ ಪತ್ರದ ಜೊತೆ ಇಟ್ಟಿದ್ದೇನೆ, ದಯವಿಟ್ಟು ದೊಡ್ಡದು ಮಾಡಿ ನೋಡಿ. ಮಧ್ಯದಲ್ಲಿ ಎರಡು ಉದ್ದನೆಯ ಗೀರು (ನೀರು ಹೋಗುವ ತೋಡು), ಅಂಚಿನ ಕಡೆ ಹೆಚ್ಚುಕಡಿಮೆ ನುಣ್ಣಗೆ. ಗೀರಿನ ತಳದಲ್ಲಿ ಅಡ್ಡಡ್ಡಕ್ಕೆ ಸಣ್ಣ ರಬ್ಬರ್ ಪಟ್ಟಿ ಇರುತ್ತದಲ್ಲ, ಸವೆತ ತೋರಿಸುವುದು, ಅದು ಟೈರಿನ ಮೈಗೆ ಸಮ ಬಂದಿದೆ. ಅಂದರೆ ಗೀರಿನ ಆಳ 1.6 ಮಿಲಿಮೀಟರ್‌ಗೆ ಇಳಿದಿದೆ. ಎಷ್ಟೋ ದೇಶಗಳಲ್ಲಿ ಅದು ಮಾಮೂಲಿ ರಸ್ತೆಗೇ ಕೊನೆಯ ಮಿತಿ. ಟೈರ್ ಅಡಿಯ ನೀರು ಗೀರಿನ ಮೂಲಕವೇ ಆಚೆ ಹೋಗಬೇಕು. ಜಾಗ ಇಲ್ಲದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ. ಅದೂ ಅಲ್ಲದೆ ಇಂಥ ಸೆಮಿ-ಸ್ಲಿಕ್ (ಗೀರು ಕಡಿಮೆ ಇರುವ, ಟ್ರ್ಯಾಕ್‌ಗೆಂದು ಮಾಡಿದ) ಟೈರ್ ಬಿಸಿಯಾದರೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಆ ಮಳೆಯಲ್ಲಿ, ಹೊಸಬರ ವೇಗದಲ್ಲಿ, ಅದು ಬಿಸಿಯಾಗುವುದಾದರೂ ಹೇಗೆ?

ಕೋನ್‌ಗಳನ್ನೂ ಹೇಳಬೇಕು. ಎಲ್ಲಿ ಬ್ರೇಕ್ ಹಾಕಬೇಕು, ಎಲ್ಲಿ ತಿರುಗಿಸಬೇಕು ಅಂತ ನೀವು ಕೋನ್ ಇಟ್ಟಿರುತ್ತೀರಿ, ನಮ್ಮಂಥವರು ಅದನ್ನೇ ನಂಬಿ ಓಡಿಸುತ್ತೇವೆ. ಅವತ್ತು ಅವೆಲ್ಲ ಒಣ ದಿನದ ಜಾಗದಲ್ಲೇ ಇದ್ದವು. ದಿನವೂ ಕಾರುಗಳು ಓಡುವ ಗೆರೆಯಲ್ಲಿ ಟೈರ್ ರಬ್ಬರ್, ಎಣ್ಣೆ ಕೂತಿರುತ್ತದೆ. ಮಳೆ ಬಿದ್ದಾಗ ಅತಿ ಹೆಚ್ಚು ಜಾರುವುದು ಅದೇ ಗೆರೆ. ಅದಕ್ಕೇ ರೇಸ್‌ನವರು ಮಳೆಯಲ್ಲಿ ಆ ಗೆರೆ ಬಿಟ್ಟು ಹೊರಗಿನಿಂದ ಹೋಗುತ್ತಾರೆ. ನಿಮ್ಮ ಕೋನ್‌ಗಳು ನಮ್ಮನ್ನು ನೇರವಾಗಿ ಅದರ ಮೇಲೇ ಕರೆದುಕೊಂಡು ಹೋದವು. ಬ್ರೇಕ್ ಕೋನ್ ಕೂಡ ಒಂದಿಷ್ಟೂ ಹಿಂದಕ್ಕೆ ಸರಿದಿರಲಿಲ್ಲ.

ಆ ತಿರುವಿನ ಮುಂಚೆ ಮಾರ್ಷಲ್ ಒಬ್ಬರು ಹಳದಿ ಬಣ್ಣದಲ್ಲಿ ಕೆಂಪು ಉದ್ದ ಪಟ್ಟಿ ಇರುವ ಬಾವುಟ ಹಿಡಿದು ನಿಂತಿದ್ದರು. ಟ್ರ್ಯಾಕ್ ಜಾರುತ್ತಿದೆ ಅಂತ ಅದರ ಅರ್ಥವಂತೆ. ಮನೆಗೆ ಬಂದು ಹುಡುಕಿದಾಗ ಗೊತ್ತಾಯಿತು. ನಿಮ್ಮ ಬ್ರೀಫಿಂಗ್‌ನಲ್ಲಿ ಬೇರೆ ಬಾವುಟ ಎಲ್ಲಾ ತೋರಿಸಿದರು, ಇದೊಂದನ್ನು ಬಿಟ್ಟು. ಮಳೆ ಸುರಿಯುತ್ತಿದ್ದ ದಿನ!

ಇದನ್ನೆಲ್ಲ ಅವತ್ತೇ ಟ್ರ್ಯಾಕ್‌ನಲ್ಲಿದ್ದ ನಿಮ್ಮ ಮೇಲ್ವಿಚಾರಕರಿಗೆ ಹೇಳಿದೆ. “ಫಾರ್ಮುಲಾ ಒನ್‌ನವರೂ ಮಳೆಯಲ್ಲಿ ಓಡಿಸ್ತಾರಲ್ಲ” ಅಂದರು. ಓಡಿಸುತ್ತಾರೆ. ಆದರೆ ಯಾವ ಟೈರ್‌ನಲ್ಲಿ? ಜೋರು ಮಳೆಗೆಂದೇ ಮಾಡಿದ ಅವರ ಫುಲ್ ವೆಟ್ ಟೈರ್ ಒಂದೊಂದೂ 300 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 85 ಲೀಟರ್ ನೀರು ಆಚೆ ಹಾಕುತ್ತದೆ ಅಂತ ಅದನ್ನು ಮಾಡುವ ಪಿರೆಲ್ಲಿ ಕಂಪನಿಯೇ ಹೇಳಿದೆ. ಅಷ್ಟಿದ್ದೂ 2021ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ಮಳೆ ಜಾಸ್ತಿಯಾಗಿ, ಎಲ್ಲರನ್ನೂ ನಿಧಾನವಾಗಿ ಕರೆದೊಯ್ಯುವ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಹಾಕಿಸಿ ರೇಸ್ ಮುಗಿಸಿದರು. ಜಗತ್ತಿನ ಅತಿ ಪಳಗಿದ ಚಾಲಕರನ್ನೇ ಹಾಗೆ ತಡೆದು ನಿಲ್ಲಿಸುತ್ತಾರೆ. ನಿಮ್ಮಲ್ಲಿ ಹೊಸಬರ ಬ್ಯಾಚ್ ಮುಂದೂಡಲು ಆಗುವುದಿಲ್ಲ.

ಅಪಾಯ ನನ್ನದೇ ಅಂತ ಸಹಿ ಹಾಕಿದ್ದೀರಲ್ಲ ಎಂಬ ಮಾತೂ ಬಂತು. ಹಾಕಿದ್ದೇನೆ. ಟ್ರ್ಯಾಕ್‌ನಲ್ಲಿ ಓಡಿಸುವ ಅಪಾಯಕ್ಕೆ ಹಾಕಿದ ಸಹಿ ಅದು. ಸವೆದ ಟೈರ್‌ಗೂ, ಆಫ್ ಆದ ಸ್ಟೆಬಿಲಿಟಿ ಕಂಟ್ರೋಲ್‌ಗೂ ನಾನು ಎಲ್ಲೂ ಸಹಿ ಹಾಕಿಲ್ಲ.

ಹಾಗಾಗಿ ನನ್ನ ಡೆಪಾಸಿಟ್ ಪೂರ್ತಿ ವಾಪಸ್ ಬರಬೇಕು, ಡ್ಯಾಮೇಜ್ ಫಾರ್ಮ್‌ನಿಂದ ‘ಚಾಲಕರ ತಪ್ಪು’ ಎಂಬುದನ್ನು ತೆಗೆದು ತಿದ್ದಿದ ಪ್ರತಿ ಕಳಿಸಬೇಕು. ಆ ಕಾರಿನ ಹಿಂದಿನ ಟೈರ್‌ಗಳನ್ನು ಕೊನೆಯದಾಗಿ ಯಾವಾಗ ಪರೀಕ್ಷಿಸಿದ್ದು ಎಂಬ ದಾಖಲೆಯೂ ಬೇಕು. ಮುಂದೆ ಬರುವ ಹೊಸಬರಿಗಾಗಿ ಒಂದು ಕೆಲಸವನ್ನಂತೂ ಇವತ್ತಿನಿಂದಲೇ ಶುರು ಮಾಡಬಹುದು, ಅದಕ್ಕೆ ಖರ್ಚೇನೂ ಇಲ್ಲ. ಚಾಲಕರು ಬದಲಾದಾಗಲೆಲ್ಲ ಎಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ, ಆ ಹಳದಿ ದೀಪ ಆರಿದೆಯಾ ಅಂತ ನೋಡಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಕಾರಿನೊಳಗಿನ ಕ್ಯಾಮೆರಾದಲ್ಲಿ ಮೀಟರ್ ಬೋರ್ಡ್ ಕಾಣುತ್ತದೆ, ಇನ್‌ಸ್ಟ್ರಕ್ಟರ್ ಕೂಗಿದ್ದೂ ಕೇಳುತ್ತದೆ. ಅದರ ಪ್ರತಿ ನನಗೆ ಕಳಿಸಿ, ಈ ವಿಷಯ ಇತ್ಯರ್ಥ ಆಗುವವರೆಗೆ ಮೂಲ ವಿಡಿಯೊವನ್ನು ಅಳಿಸಬೇಡಿ.

ಇತಿ,
ನಿಮ್ಮ ಗ್ರಾಹಕಿ

ಲಗತ್ತು: ಟೈರ್ ಫೋಟೊಗಳು, ಬುಕಿಂಗ್ ಫಾರ್ಮ್ ಮತ್ತು ಡ್ಯಾಮೇಜ್ ಫಾರ್ಮ್‌ನ ಪ್ರತಿ