ಕೋರ್ಟು ತಡವಾದರೂ ಐಸ್ ತಡವಾಗಬಾರದು

ಮಾನ್ಯ ಸಂಪಾದಕರೇ,

ಸತ್ತ ಮೇಲೆ ದೇಹವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಿಡುವ ಕ್ರಯಾನಿಕ್ಸ್ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ, ಇವರು ಮತ್ತೆ ಎದ್ದು ಬರ್ತಾರಾ ಅಂತ. ಇಲ್ಲಿಯವರೆಗೆ ಯಾರೂ ಬಂದಿಲ್ಲ. ಆ ಚರ್ಚೆ ನಡೆಯುತ್ತಿರಲಿ. ನಾನು ಹೇಳಬೇಕಾಗಿರುವುದು ಸಾವಿನ ನಂತರದ ಮೊದಲ ಕೆಲವು ಗಂಟೆಗಳ ಬಗ್ಗೆ.

ವ್ಯಕ್ತಿ ಬದುಕಿದ್ದಾಗಲೇ ಸಹಿ ಹಾಕಿ, ದುಡ್ಡು ಕಟ್ಟಿರುತ್ತಾರೆ. ಆದರೆ ಉಸಿರು ನಿಂತ ಮೇಲೆ ಪೋಸ್ಟ್‌ಮಾರ್ಟಂ ಆಗಬೇಕು ಅಂತ ಅಧಿಕಾರಿಗಳು ಹೇಳಬಹುದು, ಇಲ್ಲವೇ ಮನೆಯವರೇ ತಕರಾರು ತೆಗೆಯಬಹುದು. ಅಮೆರಿಕದ ಅಯೋವಾದಲ್ಲಿ 2009ರಲ್ಲಿ ತೀರಿಕೊಂಡ ಒಬ್ಬರನ್ನು ಒಡಹುಟ್ಟಿದವರು ಹೂತುಬಿಟ್ಟರು. ಅವರು ಸಹಿ ಹಾಕಿಕೊಟ್ಟಿದ್ದ ಕ್ರಯಾನಿಕ್ಸ್ ಸಂಸ್ಥೆ ಆಲ್ಕಾರ್ ಕೋರ್ಟಿಗೆ ಹೋಯಿತು. ದೇಹವನ್ನು ಹೊರತೆಗೆಯಿರಿ ಎಂದು ಮೇಲ್ಮನವಿ ಕೋರ್ಟು ಹೇಳಿದ್ದು 2010ರಲ್ಲಿ. ಕೇಸು ಗೆದ್ದರು ನಿಜ, ಆದರೆ ಅಷ್ಟು ಕಾಲ ಮಣ್ಣಲ್ಲಿದ್ದ ಮಿದುಳಿನಲ್ಲಿ ಉಳಿಸುವುದಕ್ಕೆ ಏನಿರುತ್ತೆ ಹೇಳಿ? ಅದೇ ವರ್ಷ ಕೊಲೊರಾಡೋದಲ್ಲಿ ಇಂಥದ್ದೇ ಜಗಳ ನಡೆದಾಗ ದೇಹವನ್ನು ಡ್ರೈ ಐಸ್‌ನಲ್ಲಿ, ಅಂದರೆ ಗಟ್ಟಿ ಮಾಡಿದ ಇಂಗಾಲದ ಡೈಆಕ್ಸೈಡ್‌ನಲ್ಲಿ, ಇಟ್ಟಿದ್ದರು. ಜಗಳ ಮುಗಿಯುವವರೆಗೆ ತಣ್ಣಗಿಡುವ ಈ ಬುದ್ಧಿ ಎಲ್ಲ ಕಡೆಯೂ ಇರಬೇಕಿತ್ತು.

ಮೈಬಿಸಿ 10 ಡಿಗ್ರಿ ಇಳಿದರೆ ಜೀವಕೋಶಗಳೊಳಗಿನ ರಾಸಾಯನಿಕ ಕ್ರಿಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೃದಯದ ದೊಡ್ಡ ರಕ್ತನಾಳದ ಆಪರೇಷನ್‌ನಲ್ಲಿ ರೋಗಿಯ ಮೈಯನ್ನು 20 ಡಿಗ್ರಿಯ ಆಸುಪಾಸಿಗೆ ಇಳಿಸಿ, ಸುಮಾರು ಅರ್ಧ ಗಂಟೆ ರಕ್ತದ ಓಟವನ್ನೇ ನಿಲ್ಲಿಸುವುದು ಈ ಬಲದ ಮೇಲೆಯೇ. ಶವಾಗಾರದ ತಣ್ಣನೆ ಗಾಳಿ ಸಾಲುವುದಿಲ್ಲ, ದೇಹ ತನ್ನ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುವುದು ಬಹಳ ನಿಧಾನ. ಐಸ್ ಮತ್ತು ನೀರು ಸೇರಿಸಿದ ಚೀಲಗಳನ್ನು ತಲೆಯ ಸುತ್ತ, ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಒತ್ತಿ ಇಡಬೇಕು, ಕರಗಿದ ಹಾಗೆ ಬದಲಿಸುತ್ತಾ ಇರಬೇಕು. ಹಾಗಂತ ಗಾಬರಿಯಲ್ಲಿ ಸಾಮಾನ್ಯ ಫ್ರೀಜರ್‌ಗೆ ತಳ್ಳಬಾರದು. ನಿಧಾನವಾಗಿ ಹೆಪ್ಪುಗಟ್ಟಿದರೆ ಒಳಗೆಲ್ಲ ಮಂಜಿನ ಹರಳು ಕಟ್ಟಿ ಅಂಗಾಂಶ ಹಾಳಾಗುತ್ತದೆ, ಆಮೇಲೆ ಪೋಸ್ಟ್‌ಮಾರ್ಟಂ ಮಾಡುವವರಿಗೂ ಕಷ್ಟ.

ಸಾಕ್ಷ್ಯ ಹಾಳಾಗುತ್ತೆ ಅನ್ನುವವರಿಗೆ ಒಂದು ಮಾತು. ಸಾವಿನ ಸಮಯ ಅಂದಾಜು ಮಾಡಲು ದೇಹದ ಉಷ್ಣತೆ ಬೇಕು, ಒಪ್ಪುತ್ತೇನೆ. ಮೊದಲು ಅದನ್ನು ಅಳೆದು ಗಂಟೆ ಸಮೇತ ಬರೆದುಕೊಳ್ಳಿ, ಫೋಟೊ ತೆಗೆಯಿರಿ, ಬೇಕಾದ ಮಾದರಿ ತೆಗೆದುಕೊಳ್ಳಿ, ದೇಹವನ್ನು ನೀರು ಹೋಗದ ಚೀಲದಲ್ಲಿ ಹಾಕಿ, ಹೊರಗಿಂದ ಐಸ್ ಇಡಿ. ಸೊನ್ನೆ ಡಿಗ್ರಿಯ ಹತ್ತಿರ ಅಂಗಾಂಶ ಹೆಪ್ಪುಗಟ್ಟುವುದಿಲ್ಲ, ಕೊಳೆಯುವುದೂ ತಡವಾಗುತ್ತೆ. ತನಿಖೆಗೂ ಅದೇ ಅಲ್ವಾ ಬೇಕಿರುವುದು?

ಲಂಡನ್ನಿನ ಹೈಕೋರ್ಟಿನಲ್ಲಿ 2016ರಲ್ಲಿ 14 ವರ್ಷದ ಹುಡುಗಿಯೊಬ್ಬಳು, ತಂದೆಯ ವಿರೋಧವಿದ್ದಾಗ, ತನ್ನ ದೇಹವನ್ನು ಹೀಗೆ ಕಾಪಿಡಲು ದಾರಿಯಾಗುವ ತೀರ್ಪನ್ನು ತಾನು ಬದುಕಿರುವಾಗಲೇ ಪಡೆದಳು. ಎಲ್ಲರಿಗೂ ಅಷ್ಟು ಸಮಯ ಸಿಗುವುದಿಲ್ಲ. ಹಾಗಾಗಿ ನಿಯಮವೇ ಹೀಗಿರಲಿ: ಸಹಿ ಹಾಕಿದ ಪತ್ರ ತೋರಿಸಿದ ಕೂಡಲೇ, ಯಾರ ತಕರಾರಿಗೂ ಕಾಯದೆ, ದೇಹವನ್ನು ತಣ್ಣಗೆ ಮಾಡಲು ಶುರು ಮಾಡಬೇಕು. ಕೊನೆಗೆ ಕೋರ್ಟು ಹೂಳಿ ಅಂದರೆ ಹೂಳಬಹುದು, ಸುಡಿ ಅಂದರೆ ಸುಡಬಹುದು. ಕಾಪಾಡಿ ಅಂದರೆ ಮಾತ್ರ, ಕಾಪಾಡಲು ಏನಾದರೂ ಉಳಿದಿರಬೇಕು.

ಇಂತಿ,
ನಿಮ್ಮ ಓದುಗ