ಕೊಲ್ಹಾರ ರಸ್ತೆಯಲ್ಲಿ ಸಿಕ್ಕ ಟ್ರ್ಯಾಕ್ಟರ್ ಕಾಕಾರಿಗೆ

ಹೋದ ಮಂಗಳವಾರ ವಿಜಯಪುರದಿಂದ ಬಾಗಲಕೋಟೆಗೆ ಕಾರಿನಲ್ಲಿ ಹೊರಟಿದ್ದೆ. ಕೊಲ್ಹಾರ ಬರುವ ಮುಂಚೆಯೇ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಸೈಡಿಗೆ ಹಾಕಿ ಬಾನೆಟ್ ಎತ್ತಿದರೆ ಬರೀ ಹಬೆ. ನೀರಿನ ಬಾಟಲಿ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ದೆ.

"ಏ ತಮ್ಮಾ, ಮುಟ್ಟಬ್ಯಾಡ! ಮಾರಿ ಸುಟ್ಟೀತು!"

ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಓಡಿ ಬಂದವರು ನೀವು. ಒಳಗಿನ ಕೂಲಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ, ಒತ್ತಡದಲ್ಲಿ 100 ಡಿಗ್ರಿಗಿಂತ ಜಾಸ್ತಿ ಕಾದಿರುತ್ತದೆ, ಮುಚ್ಚಳ ತೆಗೆದರೆ ಚಿಮ್ಮುತ್ತದೆ. ನನಗೆಲ್ಲಿ ಗೊತ್ತಿತ್ತು? ಮುಕ್ಕಾಲು ಗಂಟೆ ಬೇವಿನ ನೆರಳಲ್ಲಿ ಕೂರಿಸಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬೇರೆ ಕೊಟ್ಟಿರಿ. (ಆ ಚಟ್ನಿ ರುಚಿ ಇನ್ನೂ ನಾಲಿಗೆ ಮೇಲಿದೆ.)

ಆಮೇಲೆ ಕೂಲಂಟನ್ನು ಇಂಜಿನ್ನಿನಲ್ಲಿ ಸುತ್ತಿಸುವ ವಾಟರ್ ಪಂಪ್ ತೋರಿಸಿದಿರಿ. ಕೆಳಗೆ ಸಣ್ಣ ತೂತು, ಅಲ್ಲಿಂದ ಹಸಿರು ಕೂಲಂಟ್ ಇಳಿದು ಒಣಗಿದ ಕಲೆ. ಒಳಗಿನ ಸೀಲ್ ಹೋದರೆ ಅಲ್ಲೇ ಸೋರುತ್ತದಂತೆ. ಬೆಲ್ಟಿನಿಂದ ತಿರುಗುವ ಪಂಪಿನ ಪುಲ್ಲಿ ಅಲುಗಾಡಿಸಿದರೆ ಲಟಲಟ ಎಂದಿತು, ಬೇರಿಂಗೂ ಹೋಗಿತ್ತು. ಎರಡು ವಾರದಿಂದ ಕಿರ್ ಅನ್ನುತ್ತಿದ್ದದ್ದು ಅದೇ ಅಲ್ವಾ? ನಾನು ಸುಮ್ನೆ ಹಾಡಿನ ಸೌಂಡ್ ಜಾಸ್ತಿ ಮಾಡಿಕೊಂಡು ಓಡಿಸಿದ್ದೆ!

"ಬೀಳಗಿ ತನಕ ಮೆಲ್ಲಕ ಹೋಗ್ತೀನಿ ಕಾಕಾ" ಅಂದಾಗ ಬೈದಿರಿ. ಹಾಗೆ ಹೋಗಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ ಕೆಳಗಿನ ಸೀಲ್) ಸುಟ್ಟು, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ, ಆಯಿಲಿಗೆ ಕೂಲಂಟ್ ಬೆರೆತು ಚಹಾದ ಬಣ್ಣ ಬರುತ್ತಿತ್ತು ಎಂದು ಮೆಕ್ಯಾನಿಕ್ ಕೂಡ ಹೇಳಿದ. ಪಂಪು, ಬೆಲ್ಟು, ಕೂಲಂಟಿನಲ್ಲೇ ಕೆಲಸ ಮುಗಿಯಿತು. ದೊಡ್ಡ ಉಪಕಾರ ಮಾಡಿದಿರಿ.

ಟೋಯಿಂಗ್ ಗಾಡಿ ಬಂದ ಗದ್ದಲದಲ್ಲಿ ನಿಮ್ಮ ಹೆಸರು ಕೇಳಲೇ ಇಲ್ಲ ಕಾಕಾ. ನಿಮ್ಮ ಬುತ್ತಿ ಡಬ್ಬಿಯ ಮುಚ್ಚಳ ನನ್ನ ಕಾರಿನಲ್ಲೇ ಉಳಿದಿದೆ.