ಮಳೆಗಾಲದಲ್ಲಿ ಗಿಟಾರ್ ಕೆಡುವುದಿಲ್ಲ, ನೆಕ್ ಬಾಗುತ್ತದೆ

ಮಾನ್ಯ ಸಂಪಾದಕರೇ,

ಜೂನ್ ಬಂತೆಂದರೆ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯ ಹುಡುಗರು ಇಲೆಕ್ಟ್ರಿಕ್ ಗಿಟಾರನ್ನು ಹೊತ್ತುಕೊಂಡು ಮಂಗಳೂರಿನ ಬಸ್ಸು ಹತ್ತುತ್ತಾರೆ. ತಂತಿ ಫ್ರೆಟ್ಟಿಗೆ, ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ, ತಾಗಿ ಝರ್ರೆನ್ನುತ್ತದೆ, ಇಲ್ಲವೇ ಒತ್ತಿದರೆ ಬೆರಳು ನೋಯುತ್ತದೆ ಎಂಬುದೇ ದೂರು. ಥಂಡಿಗೆ ಮದ್ದಳೆಯ ಶ್ರುತಿ ಇಳಿಯುವುದನ್ನೂ ಬಾಗಿಲು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದನ್ನೂ ಕಂಡ ನಮಗೆ ಇದು ಹೊಸತಾಗಬಾರದು. ಗಿಟಾರಿನ ಕತ್ತಾದ ನೆಕ್ಕೂ ಮರವೇ. ತೇವಕ್ಕೆ ಅದು ಮುಂದಕ್ಕೆ ಬಾಗಿತೋ ಹಿಂದಕ್ಕೋ ಎಂಬುದನ್ನು ಅಳೆದೇ ತಿಳಿಯಬೇಕು. ಅಳೆಯದೆ ಸ್ಯಾಡಲ್ (ಗಿಟಾರಿನ ಒಡಲ ಮೇಲೆ ತಂತಿಯನ್ನು ಹೊರುವ ತುಂಡು) ಇಳಿಸುವುದು, ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಗೀರುಗಳನ್ನು ಅರದಿಂದ ತಿಕ್ಕುವುದು ತಪ್ಪು. ತಿಕ್ಕಿದ ನಟ್ಟು ಮತ್ತೆ ಬೆಳೆಯುವುದಿಲ್ಲ.

ಅಳತೆಗೆ ಬೇಕಾದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಬೈಕಿನ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಟ್ಯಾಪೆಟ್ ಸಂದು ನೋಡಲು ಮೆಕ್ಯಾನಿಕ್‌ಗಳು ಬಳಸುವುದು ಅದನ್ನೇ. ಮೊದಲು ಹೊಸ ತಂತಿ ಹಾಕಿ ಶ್ರುತಿ ಮಾಡಿ. ಕಡಲ ಗಾಳಿಗೆ ತುಕ್ಕು ಹಿಡಿದ ತಂತಿಯಿಂದ ಯಾವ ಅಳತೆಯೂ ಸರಿ ಬಾರದು. ಗಿಟಾರನ್ನು ನುಡಿಸುವ ಭಂಗಿಯಲ್ಲೇ ಹಿಡಿದು, 1ನೇ ಫ್ರೆಟ್ಟಿಗೆ ಕಾಪೊ (ಎಲ್ಲ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ. 8ನೇ ಫ್ರೆಟ್ಟಿನ ಮೇಲೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ಹೆಚ್ಚಿದ್ದರೆ ನೆಕ್ಕಿನೊಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ಬಿಗಿ ಮಾಡಿ. ಸಂದೇ ಇಲ್ಲದೆ ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಝರ್ರೆಂದರೆ ಸಡಿಲಿಸಿ. ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಮರುದಿನ ಇನ್ನೊಮ್ಮೆ ಅಳೆಯಿರಿ. ಮರ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ರಾಡ್ ತಿರುಗಲು ಹಟ ಹಿಡಿದರೆ ಅಲ್ಲಿಗೇ ನಿಲ್ಲಿಸಿ. ಆಗ ಬಲ್ಲವರ ಬಳಿ ಒಯ್ಯುವುದೇ ಸರಿ.

ಹೆಚ್ಚಿನ ಹಾನಿ ಆಗುವುದು ರಾಡನ್ನು ತಿರುಗಿಸುವ ಆರು ಮೂಲೆಯ ಅಲೆನ್ ಕೀಯಿಂದ. ಕೆಲವು ಗಿಟಾರ್‌ಗಳ ರಾಡಿಗೆ 1/8 ಇಂಚಿನ ಕೀ ಬೇಕು, ಅಂದರೆ 3.18 ಮಿ.ಮೀ. ಮನೆಯಲ್ಲಿರುವ 3 ಮಿ.ಮೀ. ಕೀ ಅದರೊಳಗೆ ಹೋಗುತ್ತದೆ, ತಿರುಗಿದಂತೆಯೂ ಅನಿಸುತ್ತದೆ. ಆದರೆ ಷಟ್ಕೋನದ ಮೂಲೆಗಳು ಸವೆದು ತೂತು ದುಂಡಗಾಗುತ್ತದೆ. ಆಮೇಲೆ ಯಾವ ಕೀಯೂ ಹಿಡಿಯದು. ಅಲುಗಾಡದೆ ಕೂರುವ ಕೀ ಸಿಗುವವರೆಗೆ ರಾಡ್ ಮುಟ್ಟಬೇಡಿ.

ನೆಕ್ ಸರಿಯಾದ ಮೇಲೆಯೇ ಸ್ಯಾಡಲ್. ಕಾಪೊ ತೆಗೆದು 17ನೇ ಫ್ರೆಟ್ಟಿನ ನೆತ್ತಿಯಿಂದ ತಂತಿಯ ತಳಕ್ಕೆ ಅಳೆಯಿರಿ. ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್, ಅಂದರೆ ಸ್ಟ್ರಾಟ್ ಮಾದರಿಗೆ 1.6 ಮಿ.ಮೀ. ಸಾಕು, ಬಲವಾಗಿ ಮೀಟುವವರಿಗೆ ಇನ್ನೂ ತುಸು ಎತ್ತರ ಬೇಕಾದೀತು. ನಂತರ 12ನೇ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ (ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿದ ಸ್ವರ) ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ನೆಕ್ಕಿನಿಂದ ದೂರ ಸರಿಸಿ, ಇಳಿದಿದ್ದರೆ ಹತ್ತಿರಕ್ಕೆ ತನ್ನಿ. ಸರಿಸಿದಾಗಲೆಲ್ಲ ಮತ್ತೆ ಶ್ರುತಿ ಮಾಡಲೇಬೇಕು.

ಇಷ್ಟಾದರೂ ಗಿಟಾರಿನ ಒಡಲ ಕಡೆಯ ಫ್ರೆಟ್ಟುಗಳಲ್ಲಿ ದಪ್ಪ ತಂತಿಯ ಸ್ವರ ಎರಡಾಗಿ ನಡುಗಿದರೆ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ಅಯಸ್ಕಾಂತ ತಂತಿಯನ್ನು ಎಳೆಯುತ್ತಿರಬಹುದು. ಕೊನೆಯ ಫ್ರೆಟ್ ಒತ್ತಿದಾಗ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿಗೂ ತಂತಿಗೂ ದಪ್ಪ ತಂತಿಯ ಕಡೆ 2 ಮಿ.ಮೀ., ತೆಳು ತಂತಿಯ ಕಡೆ 1.6 ಮಿ.ಮೀ. ಅಂತರ ಇರಲಿ.

ಗಿಟಾರ್ ಕಲಿಸುವವರು ಮೇ ಕೊನೆಯಲ್ಲಿ ಒಂದು ಪಾಠವನ್ನು ಇದಕ್ಕೇ ಮೀಸಲಿಡಬೇಕೆಂದು ವಿನಂತಿ. ಮಳೆ ಬಿಟ್ಟ ಮೇಲೆ ಮರ ಒಣಗಿ ನೆಕ್ಕಿನ ಬಾಗು ಮತ್ತೆ ಬದಲಾಗುವುದರಿಂದ ನವೆಂಬರಿನಲ್ಲೂ ಒಮ್ಮೆ ಅಳೆಯಬೇಕು.

— ಓರ್ವ ಓದುಗ, ಕುಂಬಳೆ